ಒಂದೂವರೆ ವೋಲ್ಟು

ಬಲ್ಲರಾಟ್‌ನಲ್ಲಿ ಜುಲೈ ಅಂದರೆ ನಲ್ಲಿಯೂ ಹೆಪ್ಪುಗಟ್ಟುವ ಚಳಿ.
ಮೇಜಿನ ಮೇಲೆ ಚಪಾತಿ ಮಣೆ,
ಮಣೆಯ ತುಂಬ ಕನೆಕ್ಟರು.
ನನ್ನ ಎರಡೂ ಕೈಗೆ ತೋಟದ ಗವಸು,
ಕಣ್ಣಿಗೆ ಕಟ್ಟಿದ ಟೀ ಟವೆಲು.

ಹುಚ್ಚಲ್ಲ.
ಪಕ್ಕದ ಮನೆಯ ಥೆಲ್ಮಾ ಪ್ರೌಸ್‌ಗೆ ಎಂಬತ್ತಮೂರು,
ಬೆರಳು ಹೇಳಿದ ಮಾತು ಕೇಳುವುದಿಲ್ಲ.
ಆರು ಕೋಳಿ ಮೊನ್ನೆ ನಾಲ್ಕಾದವು,
ಗೂಡಿನ ಬಾಗಿಲು ಹಾಕುವುದು ಹತ್ತು ನಿಮಿಷ ತಡವಾಗಿ.
ನರಿ ಗಡಿಯಾರ ನೋಡುವುದಿಲ್ಲ,
ಥೆಲ್ಮಾರನ್ನು ನೋಡುತ್ತದೆ.

ಅದಕ್ಕೇ ಈ ಬೋರ್ಡು, ಎರಡು ಬೆಂಕಿಪೊಟ್ಟಣದಷ್ಟು.
ಕತ್ತಲಾದರೆ ಮೋಟಾರು ತಿರುಗಿ ಬಾಗಿಲು ಇಳಿಯಬೇಕು.
ಸರ್ಕ್ಯೂಟು ಒಂದೇ ರಾತ್ರಿಗೆ ಮುಗಿಯಿತು.
ಕರೆಂಟು ಯಾವ ಕಡೆಯಿಂದ ಒಳಬರಬೇಕು
ಅನ್ನುವುದಕ್ಕೆ ಮೂರು ವಾರ.

ಬಿಳಿಯ ಪುಟಾಣಿ ಪ್ಲಗ್ಗು, ಒಮ್ಮೆ ಕೂತರೆ
ಬಿಡಿಸಲು ಹಲ್ಲೇ ಬೇಕು;
ಥೆಲ್ಮಾರವು ರಾತ್ರಿ ಲೋಟದಲ್ಲಿರುತ್ತವೆ.
ಸ್ಕ್ರೂ ಟರ್ಮಿನಲ್ಲು ಗಟ್ಟಿ ಆಳು,
ಆದರೆ ದಿನಾ ಕತ್ತಲಲ್ಲಿ ಸ್ಕ್ರೂಡ್ರೈವರು ಹಿಡಿಯುವವರಾರು?
ಅವನನ್ನು ಮೋಟಾರಿನ ತಂತಿಗೆ ಕಾವಲಿಟ್ಟೆ.
ಸಿ-ಟೈಪು ಸಂಭಾವಿತ, ಹೇಗೆ ಹಿಡಿದರೂ ಕೂರುತ್ತದೆ,
ಬಾಯಿ ಮಾತ್ರ ಸಣ್ಣದು,
ಹನ್ನೆರಡು ವೋಲ್ಟು ಬೇಕೆಂದರೆ
ಅರ್ಜಿ ಗುಜರಾಯಿಸಿ ಕಾಯಬೇಕು.

ಕೊನೆಗೆ ಗವಸಿನ ಬೆರಳಿಗೆ ದಕ್ಕಿದ್ದು
ದುಂಡನೆಯ ಜ್ಯಾಕು.
ಮೇಲಿಲ್ಲ, ಕೆಳಗಿಲ್ಲ;
ಒರಳಿಗೆ ಒನಕೆ ಬಿದ್ದ ಹಾಗೆ
ಕುರುಡುಗೈಗೂ ಸಲೀಸು.

ಗೆದ್ದೆ ಅಂದುಕೊಂಡಾಗ ಥೆಲ್ಮಾ ತಂದರು ಶೂ ಡಬ್ಬಿ.
ಕೆಟ್ಟ ರೇಡಿಯೊದ್ದು, ಎಸೆದ ಆನ್ಸರಿಂಗ್ ಮಷೀನಿನದ್ದು,
ಯಾವುದರದ್ದೋ ಗೊತ್ತಿಲ್ಲದ್ದು,
ಹಾವಿನ ಮರಿಗಳಂತೆ ಹೆಣೆದುಕೊಂಡ ಅಡಾಪ್ಟರುಗಳು.
“ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತೇನೆ.”
ಒಂದಕ್ಕೆ ಪ್ಲಸ್ಸು ಒಳಗೆ, ಇನ್ನೊಂದಕ್ಕೆ ಹೊರಗೆ.
ಮೂತಿ ನೋಡಿದರೆ ಅವಳಿ ಜವಳಿ.
ಬರೆದ ಗುರುತು ಸವೆದು ಎಷ್ಟೋ ವರ್ಷ.

ಬೈಯಲಿಲ್ಲ. ಚೀಟಿ ಅಂಟಿಸಲಿಲ್ಲ.
ಹೊಸಿಲಲ್ಲೇ ನಾಲ್ಕು ಡಯೋಡು ನಿಲ್ಲಿಸಿದೆ:
ಎಡದಿಂದ ಬಾ, ಬಲದಿಂದ ಬಾ,
ಒಳಗೆ ಹೋಗುವ ದಾರಿ ಒಂದೇ.
ಸುಂಕ ಮಾತ್ರ ಉಂಟು.
ಹನ್ನೆರಡು ಬಂದರೆ ಒಳಗೆ ಹತ್ತೂವರೆ.
ಮೋಟಾರು ಗೊಣಗಿತು, ಒಪ್ಪಿತು.

ಶನಿವಾರ ಮಬ್ಬಿಗೆ ಬಾಗಿಲು ತಾನಾಗಿ ಇಳಿಯಿತು.
ನಾಲ್ಕೂ ಒಳಗೆ, ಒಂದು ಇನ್ನೂ ತಕರಾರು ತೆಗೆಯುತ್ತ.
ಥೆಲ್ಮಾ ಡಬ್ಬಿ ಮುಟ್ಟಿದರು.
“ಇಲ್ಲಿ ಬೆಚ್ಚಗಿದೆಯಲ್ಲ, ಯಾಕೆ?”

ನಿಮ್ಮ ತಪ್ಪಿಗೆಂದು ಎತ್ತಿಟ್ಟ
ಒಂದೂವರೆ ವೋಲ್ಟು, ಅಂದೆ.

ಅಂಗೈ ಅಲ್ಲೇ ಇಟ್ಟುಕೊಂಡು,
ನಡುಕ ಕೊಂಚ ನಿಂತಂತೆ ಕಂಡು,
ಕೇಳಿದರು:
“ಅಷ್ಟು ಸಾಕಾದೀತೇ?”