ತಡಮೆಯ ಬಳಿ

ಜೀಪು ಅಲ್ಲೇ ಇರಲಿ, ಧೂಪದ ಮರದ ಬುಡದಲ್ಲಿ.
ಇಲ್ಲಿಂದ ಮೇಲೆ ನಡಿಗೆ.
ಶಿರ್ವದಾಚೆಯ ಈ ಮುರಕಲ್ಲ ಗುಡ್ಡ, ಹನ್ನೊಂದು ಎಕ್ರೆ,
ನಮ್ಮ ಹೆಸರಿಗೆ ಪಟ್ಟೆ ಆದದ್ದು ಮೊನ್ನೆ ಮೊನ್ನೆ;
ಬೀಳು ಎಳೆದು ಬುಟ್ಟಿ ಹೆಣೆದದ್ದು
ಯಾವ ಕಾಲದಿಂದಲೋ.

ಹಂದಿಯ ಪರ್ಮಿಟ್ಟು ನೋಡಿದೆ. ಸೀಲು ಸರಿ ಇದೆ.
ಅದು ಹಂದಿಗಾಯಿತು. ಗುಡ್ಡಕ್ಕೆ?
ಗುಡ್ಡಕ್ಕೆ ನಮ್ಮ ಸಂಘದ ಚೀಟಿ,
ಐವತ್ತು ರೂಪಾಯಿ, ಚಿಲ್ಲರೆ ಇದ್ದರೆ ಒಳ್ಳೆಯದು.
ನಾಯಿಗೆ ಹಗ್ಗ. ಕತ್ತಲೆಗೆ ಮೊದಲು ಕೆಳಗೆ.
ಆ ಕಾಸರಕನ ಮರದಾಚೆ ಒಂದು ಕಲ್ಲಿದೆ, ಅತ್ತ ಬೇಡ;
ಯಾಕೆ ಅಂತ ಕೇಳಬೇಡಿ, ನನಗೂ ಯಾರೂ ಹೇಳಲಿಲ್ಲ.

ಮತ್ತೆ, ಸೋವಿಗೆ ನಮ್ಮವರು ಬರುವುದಿಲ್ಲ.
ನಿಮ್ಮಜ್ಜ ಕೋವಿ ಹಿಡಿದು ಕಂಡಿಯಲ್ಲಿ ಕೂತಾಗ
ನನ್ನಜ್ಜ ತೋಮ ಡೋಲು ಬಡಿಯುತ್ತ
ಮುಳ್ಳಿನ ಪೊದೆಗೆ ನುಗ್ಗುತ್ತಿದ್ದ.
ಪಾಲು: ಕರುಳು.
ಒಂದು ಸಲ ಗುಂಡು ತೊಡೆಗೆ ಬಿತ್ತು. ಕೈತಪ್ಪಿ, ಎಂದರು.
ಆಮೇಲೆ ಕುಂಟನೆಂದೇ ಕರೆದರು;
ಬೀಡಿನ ಲೆಕ್ಕದ ಪುಸ್ತಕದಲ್ಲೂ ಹಾಗೇ ಇತ್ತಂತೆ.

ಇಗೊಳ್ಳಿ, ಇದು ನಮ್ಮ ಪುಸ್ತಕ. ಹೆಸರು ಬರೆಯಿರಿ.
ಪೂರ್ತಿ ಬರೆಯಿರಿ,
ಧನಿಗಳು ಅಂತ ಬರೆದರೆ ಕಾರ್ಯದರ್ಶಿ ಒಪ್ಪುವುದಿಲ್ಲ.
ಅಪ್ಪನ ಹೆಸರು. ಊರು. ಬಂದ ಹೊತ್ತು.
ಹೋಗುವ ಹೊತ್ತಿನ ಮನೆ ಖಾಲಿ ಇರಲಿ.

ಪೆನ್ನು ಸ್ವಲ್ಪ ಕೊಡವಿ, ಶಾಯಿ ಇಳಿಯುತ್ತದೆ.

ಅಗೋ, ಕೆಳಗೆ ನಮ್ಮ ಮರಗೆಣಸಿನ ಪಾತಿಯಲ್ಲಿ
ಮಣ್ಣು ಮಗುಚುವ ಸದ್ದು:
ಚೀಟಿ ಇಲ್ಲದೆ ಬಂದಿದ್ದಾನೆ ಒಬ್ಬ.

ಕೋವಿ ಎತ್ತಬೇಡಿ. ಮೊದಲು ಸಹಿ.