ತುಂಡುಗೆರೆ

ನಕ್ಷೆಯಲ್ಲಿ ಅದು ತುಂಡು ತುಂಡು ಗೆರೆ,
ಇರುವೆ ಸಾಲಿಗೆ ಯಾರೋ ಉಫ್ ಎಂದು ಊದಿದ ಹಾಗೆ.
ಮುಕಾಷ್ ಮಾವ ಅದರ ಮೇಲೆ ಉಗುರಿಟ್ಟು ಹೇಳಿದ:
‘ಇದು ನನ್ನದು.
ಎಪ್ಪತ್ತೊಂಬತ್ತರ ಬೇಸಿಗೆ. ಬುಲ್ಡೋಜರು, ನಾನು.
ಭೂಗರ್ಭದವರು ಟಂಗ್‌ಸ್ಟನ್ ಇದೆ ಅಂದಿದ್ದರು.
ಮೂರು ವರ್ಷ ಅಗೆದರು. ಸಿಕ್ಕಿದ್ದು
ದಾರಿಯೊಂದೇ.’

ನರೀನ್ ಬಿಟ್ಟಾಗ ಇನ್ನೂ ಚುಕ್ಕಿಗಳಿದ್ದವು.
ನಮ್ಮ ಹಳೇ ವ್ಯಾನು, ಬುಖಾಂಕಾ,
ಹೆಸರಿಗೂ ಆಕಾರಕ್ಕೂ ಬ್ರೆಡ್ಡೇ,
ಎರಡನೇ ಗೇರಿನಲ್ಲಿ ಗೊಣಗಿತು, ಮೊದಲನೆಯದರಲ್ಲಿ ಬೈಯುತ್ತ ಹತ್ತಿತು.
ಡಾಂಬರು ಮುಗಿಯಿತು. ಜಲ್ಲಿ ಮುಗಿಯಿತು.
ಕುರಿಹಿಕ್ಕೆಯೂ ಮುಗಿದ ಮೇಲೆ
ಇಳಿದು ಟೈರಿನ ಗಾಳಿ ಅರ್ಧ ಬಿಟ್ಟೆ:
ಬೀಗಿದ ಚಕ್ರಕ್ಕೆ ಕಲ್ಲು ಹಗೆ,
ಸೊರಗಿದ್ದಕ್ಕೆ ಕಲ್ಲೇ ಮೆಟ್ಟಿಲು.

ಹೊಳೆ.
ಮಾವ ಪ್ಯಾಂಟು ಮಡಚಿ, ಕೋಲು ಹಿಡಿದು ಇಳಿದ.
ಅವನ ಕಾನೂನು ಮೂರೇ ಸಾಲು:
ಮೊಣಕಾಲಿಗೆ ಬಂದರೆ ಹೋಗು,
ತೊಡೆಗೆ ಬಂದರೆ ಯೋಚಿಸು,
ಸೊಂಟಕ್ಕೆ ಬಂದರೆ ಒಲೆ ಹಚ್ಚಿ ಚಹಾ ಕಾಯಿಸು.
ತೊಡೆಗೆ ಬಂತು. ಯೋಚಿಸಲಿಲ್ಲ.
ಎಂಜಿನ್ನಿಗೆ ನೀರೆರಚದಿರಲಿ ಅಂತ
ಫ್ಯಾನಿನ ಬೆಲ್ಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡೆ.
ಮೇಲೆ ಹಿಮ ಕರಗಲು ಶುರುವಾದರೆ ಇದು ಬೇರೆಯೇ ಹೊಳೆ;
ದಾಟುವುದಿದ್ದರೆ ಅದು ಕಣ್ಣು ಬಿಡುವುದರೊಳಗೆ.
ನಡುನೀರಲ್ಲಿ ಒಂದು ಗಳಿಗೆ ನೆಲ ನಮ್ಮ ಕೈಬಿಟ್ಟಿತು.
ಸ್ಟೀರಿಂಗು ಕೈಯಲ್ಲಿ ಸುಮ್ಮನಿತ್ತು, ಬಳೆಯ ಹಾಗೆ.
ಆಮೇಲೆ ಗಾಲಿ ಕಚ್ಚಿತು.
ದಡದಲ್ಲಿ ಬಾಗಿಲು ತೆರೆದರೆ
ಅರ್ಧ ಬಕೆಟ್ಟು ಹೊಳೆ ನಮಗಿಂತ ಮೊದಲು ಇಳಿಯಿತು.

ಅಲ್ಲಿ ಕುದುರೆಯ ಮೇಲೊಬ್ಬ ಹುಡುಗ, ಉರ್ಮತ್,
ಹನ್ನೊಂದು ವರ್ಷ, ಮೂಗಿನ ಮೇಲೆ ಬಿಸಿಲು ಸುಲಿದ ಸಿಪ್ಪೆ.
‘ಮೇಲೆ ದಾರಿ ಇದೆಯೇನೋ?’
‘ಇದೆ’ ಅಂದ. ವ್ಯಾನನ್ನು ನೋಡಿದ.
ಮತ್ತೇನೂ ಅನ್ನಲಿಲ್ಲ.

ದಾರಿ ತಪ್ಪಿರಲಿಲ್ಲ ನಾವು,
ದಾರಿಯೇ ತಪ್ಪಿಸಿಕೊಂಡು ತಿರುಗುತ್ತಿತ್ತು,
ಹುಲ್ಲಿನಡಿ ಮಲಗಿ, ಬಂಡೆಯ ಬೆನ್ನಿಗೆ ಅಡಗಿ,
ಓರೆ ಬಿಸಿಲು ಬಿದ್ದಲ್ಲಿ ಮಾತ್ರ
ಎರಡು ಹಳೇ ಗೀರಾಗಿ ಮೈ ತೋರಿಸುತ್ತ.
ಮಾವನಿಗೆ ಬಿಸಿಲೂ ಬೇಕಿರಲಿಲ್ಲ.
‘ಈಗ ಎಡಕ್ಕೆ. ಇಲ್ಲಿ ನನ್ನ ಬ್ಲೇಡು ಮುರಿದಿತ್ತು.
ಇಲ್ಲಿ ಅಡುಗೆಯ ರಾಯಿಸಾ ನಕ್ಕಿದ್ದಳು.’
ಯಾಕೆ ನಕ್ಕಳು ಅಂದೆ.
‘ತಿರುವು ನೋಡು, ತಿರುವು’ ಅಂದ.

ಹದಿನಾರನೇ ತಿರುವಿನಾಚೆ ಬೆಟ್ಟವೇ ಜಾರಿ ಕೂತಿತ್ತು.
ಎಡಕ್ಕೆ ಗೋಡೆ.
ಬಲಕ್ಕೆ, ಬಹಳ ಕೆಳಗೆ, ಹಾರುವ ಹದ್ದಿನ ಬೆನ್ನು.
ಹೊರಳಲು ಜಾಗವಿಲ್ಲ, ಉಸಿರಿಗೂ ಗಾಳಿ ಸಾಲದು.
ಗೊರಸಿನ ಗುರುತು ಮಾತ್ರ
ಆ ಸಡಿಲ ಮಣ್ಣಿನ ಮೇಲೆ ನೆಟ್ಟಗೆ ಆಚೆ ನಡೆದಿತ್ತು.
ಹುಡುಗ ಸುಳ್ಳು ಹೇಳಿರಲಿಲ್ಲ.

ಎರಡು ಕಿಲೋಮೀಟರು ಹಿಮ್ಮುಖ.
ಕನ್ನಡಿಯಲ್ಲಿ ಮಾವನ ಎರಡು ಬೆರಳು:
ಎಡ, ಇನ್ನೂ ಎಡ, ಸಾಕು, ಬಾ.
ನನ್ನ ಇಡೀ ಜೀವ ಅಂಗೈಯಗಲದ ಗಾಜಿನಲ್ಲಿ.
ಒಂದು ಕಡೆ ಅವನು ನಿಂತ. ಬ್ರೇಕು ಒತ್ತಿದೆ.
ಗೋಡೆಯಿಂದ ಉದುರಿದ್ದ ಕಲ್ಲೊಂದನ್ನೆತ್ತಿ
ಅದರ ಗೂಡಿನಲ್ಲಿ ತಿರುಗಿಸಿ ತಿರುಗಿಸಿ ಕೂರಿಸಿದ,
ಕುದುರೆಯ ಕುತ್ತಿಗೆಗೆ ತಟ್ಟುವ ಹಾಗೆ ಒಮ್ಮೆ ತಟ್ಟಿದ.
ನಲವತ್ತಕ್ಕೂ ಹೆಚ್ಚು ಚಳಿಗಾಲ ಕಳೆದ ಮೇಲೆ, ರಿಪೇರಿ.
ಯಾರಿಗೆ ಅಂತ ಕೇಳಲಿಲ್ಲ.
ಕ್ಲಚ್ಚು ಸುಟ್ಟ ವಾಸನೆ ಬರುತ್ತಿತ್ತು.

ಹೊಳೆಗೆ ಮರಳಿದಾಗ ಮೂರು ಗಂಟೆ.
ನೀರು ಸೊಂಟ ದಾಟಿತ್ತು.
ಒಲೆ ಹಚ್ಚಿದೆವು.

ಉರ್ಮತ್ ಕುಮಿಸ್ ತಂದ, ಹುಳಿ, ಹೊಗೆಯ ಘಮ.
ಮಾವ ಪೆನ್ಸಿಲ್ಲಿಗೆ ಎಂಜಲು ಹಚ್ಚಿ
ತನ್ನ ಗೆರೆಯ ತುದಿಯಲ್ಲಿ
ಉಗುರಿನಷ್ಟೇ ಒಂದು ಗೊರಸು ಬರೆದ.
ಹೊಡೆದುಹಾಕಲಿಲ್ಲ ಏನನ್ನೂ.

ಹುಡುಗ ಎದ್ದು ‘ಅಕ್ ಜೋಲ್’ ಅಂದ:
ಹೊರಟವರಿಗೆ ಇಲ್ಲಿ ಹೇಳುವ ಮಾತು,
ಬಿಳಿಯ ದಾರಿ ಸಿಗಲಿ ಅಂತ.
ಹೊರಟಿದ್ದು ಅವನು.
ನಾವು ಕೂತೇ ಇದ್ದೆವು,
ಬೆಲ್ಟು ಮತ್ತೆ ನನ್ನ ಮಡಿಲಲ್ಲಿ.