ನಾಲ್ಕು ಬೆರಳು

ಭಾನುವಾರ ಅದು ಮಗುಚಿದ್ದು ನಿಧಾನವಾಗಿ,
ನಿದ್ದೆಯಲ್ಲಿ ಕೂಸು ಮಗ್ಗುಲು ಬದಲಿಸಿದ ಹಾಗೆ.
ಕುರಿದೊಡ್ಡಿಯ ಹಿಂದಿನ ಇಳಿಜಾರಿನಲ್ಲಿ
ಮೇಲಿನೆರಡು ಚಕ್ರ ಹುಲ್ಲು ಬಿಟ್ಟೆದ್ದವು,
ಒಂದು ಗಳಿಗೆ ಯೋಚಿಸಿದವು,
ಆಮೇಲೆ ಕೆಂಪು ಗಾಡಿ ಒಂದು ಕಡೆ,
ನನ್ನ ಮೆರೆಯಾನಾ ಒಂದು ಕಡೆ.

ಏನೂ ಆಗಲಿಲ್ಲ. ಹೆಲ್ಮೆಟ್ಟಿಗೊಂದು ಗೀರು,
ಮೊಣಕೈಗೆ ಹುಲ್ಲಿನ ಹಸಿರು.
"ಬೆಟ್ಟ ನನ್ನನ್ನು ತಳ್ಳಿತು" ಅಂದಳು
ಏಳು ವರ್ಷದವಳು, ಮಣ್ಣು ಉಗುಳುತ್ತ.
ಏನೂ ಆಗಲಿಲ್ಲ, ಏನೂ ಆಗಲಿಲ್ಲ ಎಂದು
ರಾತ್ರಿ ಮೂರರ ತನಕ ನನಗೆ ನಾನೇ ಹೇಳಿಕೊಂಡೆ.

ತೌಮಾರುನುಯಿಯ ಈ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು
ಇಂಥ ಗಾಡಿಯಡಿ ಸಿಕ್ಕವರ ಹೆಸರು.
ಊಟದ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ.

ನಾನು ಉಣ್ಣೆ ಕತ್ತರಿಸುವವಳು.
ದಿನವಿಡೀ ಎರಡು ಮೊಣಕಾಲ ನಡುವೆ
ಅರವತ್ತು ಕಿಲೋ ಒದ್ದಾಟ.
ಕಲಿಸಿದವಳು ಮೊದಲ ವಾರ ಕೈಗೆ ಯಂತ್ರವನ್ನೇ ಕೊಡಲಿಲ್ಲ,
ಬರೀ ನನ್ನ ಪಾದ ನೋಡುತ್ತಿದ್ದಳು.
"ಅಗಲಿಸು. ಇನ್ನೂ. ಹಾಂ,
ಇನ್ನು ಬೀಳಬೇಕೆಂದರೂ ಬೀಳಲಾರೆ."

ಸೋಮವಾರ ಅಳತೆ ಟೇಪು ಹಿಡಿದು ಕೂತೆ.
ಅಗಲ ನೋಡಿದರೆ ಮೂರು ಗೇಣು ಚಿಲ್ಲರೆ,
ಸೀಟು ಮಾತ್ರ ಕುದುರೆಯ ಗತ್ತಿನಲ್ಲಿ.
ಕಾರ್ಖಾನೆಯಲ್ಲಿ ಇದನ್ನು ಗೀಚಿದವನು
ಮಟ್ಟಸ ನೆಲದಲ್ಲಿ ಬೆಳೆದಿರಬೇಕು.

ಡೂಗಲ್ ತಾತನ ಲೇತು
ರೈಲ್ವೆ ವರ್ಕ್‌ಶಾಪಿನ ಹರಾಜಿನಲ್ಲಿ ತಂದದ್ದು.
ಅಲ್ಯೂಮಿನಿಯಂ ದಿಂಡಿನಿಂದ ನಾಲ್ಕು ಬಿಲ್ಲೆ ಕೊಯ್ದ,
ಒಂದೊಂದೂ ಎರಡು ಬೆರಳು ದಪ್ಪ.
ಸುರುಳಿ ಸುರುಳಿಯಾಗಿ ಲೋಹದ ಉಣ್ಣೆ ಅವನ ಬೂಟಿನ ಮೇಲೆ ಬೀಳುತ್ತಿದ್ದರೆ
ನನಗೆ ಸುಮ್ಮನೆ ಕೈ ತುರಿಸಿತು.

"ಪುಕ್ಕಟೆಯಲ್ಲ" ಅಂದ.
ಪರ್ಸು ತೆಗೆದೆ.
"ಅದಲ್ಲ ಮಾರಾಯ್ತಿ, ಬೇರಿಂಗು.
ಚಕ್ರ ಹೊರಗೆ ಹೋದಷ್ಟೂ ಅದರ ಕುತ್ತಿಗೆಗೆ ಭಾರ.
ತಿಂಗಳಿಗೊಮ್ಮೆ ಚಕ್ರ ಹಿಡಿದು ಅಲುಗಿಸು.
ಕಟಕಟ ಅಂದರೆ ಬದಲಿಸು.
ಇದೂ ಸೊಂಟನೋವಿನ ಜಾತಿಯದೇ,
ನಿನಗೆ ನಾನು ಹೇಳಬೇಕೆ?"

ಬಿಲ್ಲೆ ಕೂರಿಸಿ, ನಟ್ಟುಗಳನ್ನು ಎದುರುಬದುರು ಬಿಗಿದೆವು,
ಎಣಿಸಿದ್ದು ಅವಳು.
ಮಾರನೆಯ ದಿನ ಅದೇ ಇಳಿಜಾರು.
ನಾನು ಮೇಲ್ಬದಿಯಲ್ಲಿ, ಹಗ್ಗದ ತುದಿ ಮುಂಗೈಗೆ ಸುತ್ತಿ.
ಆಚೆ ಬೇಲಿಯ ಹತ್ತಿರ
ಆಗತಾನೆ ಈದ ಕುರಿಯ ಮರಿ
ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಚಾಚಿ
ಭೂಮಿ ಎಷ್ಟು ಓರೆ ಎಂದು ನೋಡುತ್ತಿತ್ತು.

ಚಕ್ರ ಏಳಲಿಲ್ಲ.
ಮಡ್‌ಗಾರ್ಡಿನಿಂದ ಹೊರಗೆ ಚಾಚಿದ್ದಕ್ಕೆ
ಅವಳ ಬೆನ್ನು, ಜಡೆ, ಕಿವಿ ಎಲ್ಲಾ ಕೆಸರು.
ನಕ್ಕಳು. ನಾನು ಹಗ್ಗ ಬಿಡಲಿಲ್ಲ.

ತೊಡಕು ಎದುರಾದದ್ದು ಹಳ್ಳದ ಕಿರುಗೇಟಿನಲ್ಲಿ.
ದಿನಾ ನುಸುಳುತ್ತಿದ್ದ ಸಂದಿ,
ಈಗ ಎರಡೂ ಟೈರು ಎರಡು ಕಂಬಕ್ಕೆ ಮುತ್ತಿಟ್ಟು ನಿಂತವು.
ಆಚೆಗಿರುವುದು ಇದಕ್ಕಿಂತ ಕಡಿದಾದ ಬೆಟ್ಟ.
ಒಳಗೊಳಗೇ ನನಗೆ ಎಂಥ ಹಿತ!
ಮುಖ ಮಾತ್ರ ಸಪ್ಪೆ ಮಾಡಿಕೊಂಡು
"ಅಯ್ಯೋ ಪಾಪ" ಅಂದೆ.
ಅವಳು ಕಂಬ ನೋಡಿದಳು, ನನ್ನನ್ನು ನೋಡಿದಳು,
ರಿವರ್ಸ್ ಹಾಕಿದಳು.

ಬುಧವಾರ ಬೆಳಿಗ್ಗೆ ಟೇಪು ಕಾಣಿಸಲಿಲ್ಲ.
ಸಿಕ್ಕಿದ್ದು ಕಿರುಗೇಟಿನ ಬಳಿ, ಅವಳ ಕೊರಳಲ್ಲಿ,
ಕೈಯಲ್ಲಿ ಆಲೂಗಡ್ಡೆ ಅಗೆಯುವ ಸಲಿಕೆ.
ಎಡಗಂಬದ ಬುಡದಲ್ಲಿ ಬಟ್ಟಲಿನಷ್ಟು ಗುಂಡಿ.
"ಅಮ್ಮಾ, ಇದಕ್ಕೂ ನಾಲ್ಕೇ ಬೆರಳು ಸಾಕು.
ಐದು ಮಾಡೋಣ."

ಟೊಟಾರಾ ಮರದ ಕಂಬ ಅದು,
ನನ್ನ ಅಜ್ಜನ ಅಪ್ಪ ಹೂತದ್ದು.
ಹಾರೆ ತಂದೆ, ಕಾಲು ಅಗಲಿಸಿ ನಿಂತೆ.
ಮಧ್ಯಾಹ್ನದ ತನಕ ಅದು
ಜಪ್ಪಯ್ಯ ಅನ್ನಲಿಲ್ಲ.